ಪಿಕಪ್ ಕ್ಯಾಂಪರಿನಲ್ಲಿ ಫ್ರಿಜ್ ಮಧ್ಯಾಹ್ನ ತಂಪು ಹಿಡಿಯೋದಿಲ್ಲ, ಸುತ್ತಲೂ ಥರ್ಮಾಕೋಲ್ ಹಚ್ಚಿ ಒಂದು ಫ್ಯಾನ್ ಇಟ್ಟರೆ ಸಾಕೇ?

ಥರ್ಮಾಕೋಲ್ ಹಚ್ಚಬೇಡ್ರಿ. ಪಿಕಪ್ ಹಿಂದೆ ಮಲಗಲು ಕಟ್ಟಿಸಿದ ತಗಡಿನ ಪೆಟ್ಟಿಗೆ, ಒಂಟಿ ಬಾಗಿಲಿನ ಸಣ್ಣ ಫ್ರಿಜ್, ಇನ್ವರ್ಟರ್, ಕಲಬುರಗಿ ಬಿಸಿಲು, ಎರಡಿಂಚು ಥರ್ಮಾಕೋಲ್: ಇದರಲ್ಲಿ ನಾನು ಮಾಡದೆ ಬಿಟ್ಟದ್ದು ಒಂದೂ ಇಲ್ಲ. ಏಪ್ರಿಲ್‌ನಲ್ಲಿ ಹಚ್ಚಿದೆ, ಮೇ ಮುಗಿಯೋದರೊಳಗೆ ಕಂಪ್ರೆಸರ್ ಸುಟ್ಟಿತು.

ಹಳೇ ಫ್ರಿಜ್‌ಗಳ ಬೆನ್ನಿಗೆ ಕಪ್ಪು ಕಾಯಿಲ್, ಅಂದರೆ ಶಾಖ ಹೊರಬಿಡುವ ಕೊಳವೆ, ಎದ್ದು ಕಾಣುತ್ತಿತ್ತು. ಈಗಿನ ಎಷ್ಟೋ ಫ್ರಿಜ್‌ಗಳ ಬೆನ್ನು ನುಣ್ಣಗಿರುತ್ತದೆ. ಕಾಯಿಲ್ ಇರೋದು ಎಡಬಲದ ತಗಡಿನ ಒಳಮೈಗೆ ಅಂಟಿಕೊಂಡು. ಒಳಗಿನ ಹಾಲು, ನೀರು, ತರಕಾರಿಯಿಂದ ಎಳೆದ ಶಾಖ, ಜೊತೆಗೆ ಕಂಪ್ರೆಸರ್ ತಿಂದ ಕರೆಂಟಿನ ಶಾಖ, ಎರಡೂ ಹೆಚ್ಚಾಗಿ ಹೊರಗೆ ಹೋಗೋದು ಆ ತಗಡಿನಿಂದಲೇ. ನಾನು ಮೆತ್ತಿದ್ದೂ ಅದರ ಮೇಲೇ. ಗಂಜ್ ಮಾರುಕಟ್ಟೆಯ ಹಮಾಲನಿಗೆ ಮೇ ತಿಂಗಳಲ್ಲಿ ಕಂಬಳಿ ಹೊದಿಸಿ ತೊಗರಿ ಮೂಟೆ ಹೊರು ಅಂದಂಗೆ. ಶಾಖಕ್ಕೆ ದಾರಿ ಸಿಗದಿದ್ದರೆ ಕಾಯಿಲ್ ಒಳಗೆ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಆಂಪ್ಸ್ ಎಳೆಯುತ್ತದೆ, ಕಾದು ಕಾದು, ಅದರ ರಕ್ಷಣೆಯ ಸ್ವಿಚ್ಚಾದ ಓವರ್‌ಲೋಡ್ ‘ಟಕ್’ ಅಂತ ಕರೆಂಟ್ ಕಡಿಯುತ್ತದೆ. ಆರಿದ ಮೇಲೆ ಮತ್ತೆ ಶುರು, ಮತ್ತೆ ಟಕ್. ಆ ಸದ್ದಿಗೆ ಇನ್ವರ್ಟರ್ ಸಾಲದು ಅಂದುಕೊಂಡು ದೊಡ್ಡದು ತಂದೆ, ಅದು ಇನ್ನೊಂದು ದಂಡ. ಫ್ರಿಜ್ ಗೋಡೆಯೊಳಗೆ ಕಾರ್ಖಾನೆಯವರೇ ಪಫ್ (ಶಾಖ ತಡೆಯುವ ಫೋಮ್) ತುಂಬಿರುತ್ತಾರೆ. ಬಾಗಿಲ ರಬ್ಬರ್ ಸಡಿಲವಾದರೆ ತಂಪು ಅಲ್ಲಿಂದ ಸೋರುತ್ತದೆ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೀರಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸ್ರಿ.

ನಿಮ್ಮ ಫ್ರಿಜ್‌ನ ಕಾಯಿಲ್ ಎಲ್ಲಿದೆ ಅಂತ ತಿಳಿಯೋಕೆ ಒಂದು ತಾಸು ಓಡಿಸಿ ಎರಡೂ ಪಕ್ಕಕ್ಕೆ ಅಂಗೈ ಇಡ್ರಿ. ಬಿಸಿ ತಾಗಿದರೆ ಅಲ್ಲೇ ಇದೆ. ಆ ಕಡೆ 5 ಸೆಂ.ಮೀ. ಸಂದಿ, ಬೆನ್ನಿಗೆ ಮತ್ತು ತಲೆ ಮೇಲೆ 10 ಸೆಂ.ಮೀ. ಬಿಡ್ರಿ. ಗಾಡಿಯಲ್ಲಿ ಅಲುಗಾಡುತ್ತದೆ ಅಂತ ಪಕ್ಕದ ತಗಡಿಗೆ ಸ್ಕ್ರೂ ಹೊಡೆಸಬೇಡ್ರಿ, ಕಾಯಿಲ್ ತೂತಾಗುತ್ತದೆ. ಸಣ್ಣ ಫ್ರಿಜ್‌ಗಳಲ್ಲಿ ಈಗ ಕಾಯಿಲ್ ಒಳಗೆ ಹೆಚ್ಚಾಗಿ ಇರೋದು ಆರ್600ಎ, ಅಂದರೆ ಐಸೊಬ್ಯುಟೇನ್. ಬೆಂಕಿ ಹತ್ತುವ ಅನಿಲ, ಗಾಳಿಗಿಂತ ಭಾರ. ಕಾಲುಗಳಿಗೆ ಮರದ ಪಟ್ಟಿಯ ತಡೆ ಕೊಟ್ಟು, ಮೇಲೆ ಬೆಲ್ಟ್ ಬಿಗಿದರೆ ಸಾಕು.

ಫ್ರಿಜ್ ಬೆನ್ನ ಮೇಲಿನ ಚೀಟಿಯನ್ನೂ ಓದ್ರಿ. ‘ಎನ್’ (N) ಅಂತಿದ್ದರೆ ಆ ಫ್ರಿಜ್ ಸುತ್ತಲಿನ ಗಾಳಿ 32 ಡಿಗ್ರಿ ಇರುವವರೆಗೆ ಕೆಲಸ ಮಾಡುವಂತೆ ಮಾಡಿದ್ದು, ‘ಎಸ್‌ಟಿ’ (ST) 38, ‘ಟಿ’ (T) 43. ಹೊರಗೇ 42 ಇರುವಾಗ ನಮ್ಮ ತಗಡಿನ ಪೆಟ್ಟಿಗೆಯೊಳಗೆ ‘ಟಿ’ಗೂ ಉಸಿರಾಡಲು ಜಾಗ ಉಳಿಯೋದಿಲ್ಲ. ಹುಮನಾಬಾದ್ ದಾಟಿ ಬೀದರ್ ಏರಿದಾಗ ಫ್ರಿಜ್ ತಾನಾಗಿ ಸರಿಹೋದಂತೆ ಕಂಡರೆ ನಂಬಬೇಡ್ರಿ, ಅದು ಬೀದರಿನ ತಂಪು ಗಾಳಿ.

ಗಾಳಿಗೆ ಗಾಡಿಯ ಹೊರಗೋಡೆಯಲ್ಲಿ ಎರಡು ಕಿಂಡಿ ಬೇಕು: ಒಂದು ನೆಲಮಟ್ಟಕ್ಕೆ, ಇನ್ನೊಂದು ಫ್ರಿಜ್ ತಲೆಗಿಂತ ಮೇಲೆ. ನನ್ನವು ತಲಾ 40 × 8 ಸೆಂ.ಮೀ. ಮೇಲಿನದು ತಲೆಗಿಂತ ಕೆಳಗೆ ಬಿದ್ದರೆ ಬಿಸಿಗಾಳಿ ಅಲ್ಲೇ ನಿಲ್ಲುತ್ತದೆ. ಬಾಡಿ ಕಟ್ಟುವವರು ಚಂದಕ್ಕಾಗಿ ಇದನ್ನೇ ಮಾಡ್ತಾರೆ. ಎರಡೂ ಒಂದೇ ಗೋಡೆಯಲ್ಲಿರಲಿ, ಇಲ್ಲವಾದರೆ ಗಾಡಿ ಓಡುವಾಗ ಎದುರುಗಾಳಿ ಮೇಲಿನ ಕಿಂಡಿಯಿಂದ ಒಳನುಗ್ಗಿ ಬಿಸಿಯನ್ನು ವಾಪಸ್ ತಳ್ಳಬಹುದು. ಸೊಳ್ಳೆ ಪರದೆ ಬೇಡ. ತೊಗರಿ ರಾಶಿ ಕಾಲದ ದೂಳಿಗೆ ಅದು ಬೇಗ ಮುಚ್ಚಿಕೊಳ್ಳುತ್ತದೆ. 3 ಮಿ.ಮೀ. ಕಣ್ಣಿನ ತಂತಿ ಜಾಲರಿ ಹಾಕಿಸಿ, ಕಣಜ ಗೂಡು ಕಟ್ಟಿದೆಯಾ ಅಂತ ಆಗಾಗ ನೋಡ್ರಿ. ಫ್ರಿಜ್ ಮೇಲೆ ಒಂದು ಅಲ್ಯೂಮಿನಿಯಂ ತಗಡನ್ನು ಓರೆಯಾಗಿ ಕೂಡಿಸಿದರೆ ಬಿಸಿಗಾಳಿ ನೇರ ಕಿಂಡಿಗೇ ಹೋಗುತ್ತದೆ. ಮುಂಭಾಗದಲ್ಲಿ ಫ್ರಿಜ್ ಮತ್ತು ಅದನ್ನು ಕೂಡಿಸಿದ ಪ್ಲೈವುಡ್ ಗೂಡಿನ ನಡುವಿನ ಸಂದಿಗೆ ಫೋಮ್ ಟೇಪ್ ಹಾಕ್ರಿ, ಇಲ್ಲದಿದ್ದರೆ ಆ ಶಾಖವೆಲ್ಲ ನೀವು ಮಲಗುವ ಜಾಗಕ್ಕೆ ಬರುತ್ತದೆ.

ಇದೆಲ್ಲ ಆದ ಮೇಲೆ ಫ್ಯಾನ್. ಕಂಪ್ಯೂಟರಿನ 120 ಮಿ.ಮೀ., 12 ವೋಲ್ಟ್ ಫ್ಯಾನ್ ಒಂದೇ ಸಾಕು, ಮೇಲಿನ ಕಿಂಡಿಗೆ, ಹೊರಗೆ ಊದುವಂತೆ. ಆದರೆ ಫ್ಯಾನ್ ಗಾಳಿ ಎಳೆಯೋದು ಎಲ್ಲಿ ಸುಲಭವೋ ಅಲ್ಲಿಂದ. ಅದರ ಪಕ್ಕದಲ್ಲೇ ಸಂದಿ ಇದ್ದರೆ ಅಲ್ಲಿಂದಲೇ ಎಳೆದು ಹೊರಗೆ ಬಿಡುತ್ತದೆ, ಕಾಯಿಲ್‌ಗೆ ಗಾಳಿ ಮುಟ್ಟೋದೇ ಇಲ್ಲ. ಊದಿನಕಡ್ಡಿ ಹಚ್ಚಿ ಕೆಳಗಿನ ಕಿಂಡಿಗೆ ಹಿಡೀರಿ: ಹೊಗೆ ಒಳಗೆ ಹೋಗಿ ಮೇಲಿನಿಂದ ಬರಬೇಕು. ಆಮೇಲೆ ಫ್ರಿಜ್ ಬಾಗಿಲ ಸುತ್ತಲಿನ ಟೇಪಿಗೂ ಕಡ್ಡಿ ಹಿಡೀರಿ, ಹೊಗೆ ಅಲ್ಲಿಂದ ಒಳಗೆ ಎಳೆದುಕೊಂಡು ಹೋದರೆ ಟೇಪ್ ಸಡಿಲ. ಫ್ಯಾನ್ ವೈರಿಗೆ 1 ಆಂಪ್ ಫ್ಯೂಸ್, ಜೊತೆಗೆ 45 ಡಿಗ್ರಿ ಬಿಸಿಯಾದಾಗ ತಾನಾಗಿ ಆನ್ ಆಗುವ ಕೆಎಸ್‌ಡಿ 301 ಸ್ವಿಚ್ಚನ್ನು ಬಿಸಿಯಾಗುವ ಪಕ್ಕದ ತಗಡಿಗೆ ಅಂಟಿಸ್ರಿ. ಚಳಿಗಾಲದಲ್ಲಿ ಬ್ಯಾಟರಿ ಉಳಿಯುತ್ತದೆ.

ಇನ್ಸುಲೇಷನ್ ಹೋಗಬೇಕಾದ್ದು ಗಾಡಿಯ ಗೋಡೆಗೆ, ಚಾವಣಿಗೆ. ಫ್ರಿಜ್ ಇರುವ ಗೂಡಿನ ಬಿಸಿಲು ಬೀಳುವ ಹೊರಗೋಡೆಗೆ 25 ಮಿ.ಮೀ. ದಪ್ಪದ, ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಲಗೆ, ಜೋಡಣೆಗಳಿಗೆ ಪಿಯು ಫೋಮ್ (ಊದಿ ಗಟ್ಟಿಯಾಗುವ ಸ್ಪ್ರೇ). ಹಲಗೆಯ ದಪ್ಪ ಬಿಟ್ಟೇ ಆ 5 ಸೆಂ.ಮೀ. ಸಂದಿ ಅಳೀರಿ. ಬಾಡಿಯ ಕಬ್ಬಿಣದ ಚೌಕ ಪೈಪುಗಳಿಂದ ಶಾಖ ನೇರ ಒಳಗೆ ಬರುತ್ತದೆ, ಪ್ಲೈವುಡ್ ಕೂಡಿಸುವ ಮೊದಲು ಅವುಗಳ ಮೇಲೂ ಫೋಮ್ ಟೇಪ್ ಓಡಿಸ್ರಿ. ಬೆಳ್ಳಿ ಬಣ್ಣದ ಬಬಲ್ ಹಾಳೆಯನ್ನು ತಗಡಿಗೆ ಒತ್ತಿ ಅಂಟಿಸಿದರೆ ದುಡ್ಡು ದಂಡ. ಮುಂದೆ 2 ಸೆಂ.ಮೀ. ಖಾಲಿ ಜಾಗ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಚಾವಣಿಗೆ ಬಿಳಿ ಬಣ್ಣ.

ಕೊನೆಗೆ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ತಂದು ಒಂದನ್ನು ಕೆಳಗಿನ ಕಿಂಡಿಗೆ, ಇನ್ನೊಂದನ್ನು ಫ್ರಿಜ್ ತಲೆ ಮೇಲೆ ಇಟ್ಟು, ಮಧ್ಯಾಹ್ನ ಮೂರಕ್ಕೆ ಕಂಪ್ರೆಸರ್ ಓಡುವಾಗ ನೋಡ್ರಿ. ನನ್ನ ಲೆಕ್ಕದಲ್ಲಿ ವ್ಯತ್ಯಾಸ 10 ಡಿಗ್ರಿಯೊಳಗೆ ಇದ್ದರೆ ಸರಿ. ಮೀರಿದರೆ ಎರಡನೇ ಫ್ಯಾನ್ ತರೋಕೆ ಓಡಬೇಡ್ರಿ, ಮೊದಲು ಮುಂಭಾಗದ ಟೇಪ್ ನೋಡ್ರಿ.