ಇಲಿಯ ಸೀರಮ್‌ನಲ್ಲಿ ಅಲರ್ಜಿಯ ಗುರುತು

ಪ್ರಶ್ನೆ: ಅಲರ್ಜಿ ಸಂಶೋಧನೆಯಲ್ಲಿ ಬಿಳಿ ಇಲಿಗಳಿಗೆ ಮೊಟ್ಟೆಯ ಬಿಳಿಭಾಗದ ಓವಾಲ್ಬುಮಿನ್ ಎಂಬ ಪ್ರೋಟೀನನ್ನು ಚುಚ್ಚಿ, ಅನಂತರ ರಕ್ತದಲ್ಲಿ ಐಜಿಇ ಅಳೆಯುತ್ತಾರೆಂದು ಓದಿದೆ. ಆಸ್ಪತ್ರೆಯಲ್ಲಿ ನಮಗೆ ಬಳಸುವ ಐಜಿಇ ಕಿಟ್ ಇಲಿಗೂ ಆಗುತ್ತದೆಯೇ? ಒಟ್ಟು ಐಜಿಇ ಏರಿದ್ದರೆ ಅಲರ್ಜಿ ಬಂದಿದೆ ಎನ್ನಬಹುದೇ?
– ಎಂ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡಕ್ಕೂ ಇಲ್ಲವೆಂದೇ ಹೇಳಬೇಕು. ಐಜಿಇ ಎಂಬ ಪ್ರತಿಕಾಯ ಮನುಷ್ಯರಲ್ಲೂ ಇಲಿಗಳಲ್ಲೂ ಇದ್ದರೂ ಅದರ ರಚನೆ ಎರಡರಲ್ಲಿ ಸಾಕಷ್ಟು ಬೇರೆಯಾಗಿರುವುದರಿಂದ, ಒಂದನ್ನು ಹಿಡಿಯಲು ತಯಾರಿಸಿದ ಪ್ರತಿಕಾಯವು ಸಾಮಾನ್ಯವಾಗಿ ಇನ್ನೊಂದನ್ನು ಗುರುತಿಸುವುದಿಲ್ಲ. ಇಲಿಯ ದೇಹ ತನ್ನದೇ ಐಜಿಇಯನ್ನು ಪರಕೀಯವೆಂದು ಬಗೆಯದ ಕಾರಣ, ಅದರ ವಿರುದ್ಧದ ಮೊನೊಕ್ಲೋನಲ್ (ಒಂದೇ ಕೋಶದ ಸಂತತಿಯಿಂದ ಬಂದ, ಒಂದೇ ಬಗೆಯ) ಪ್ರತಿಕಾಯಗಳನ್ನು ಹೆಚ್ಚಾಗಿ ಈ ಇಲಿಗಿಂತ ದೊಡ್ಡ ಜಾತಿಯಾದ ರ‍್ಯಾಟ್‌ಗಳಿಂದ ಪಡೆಯುತ್ತಾರೆ. ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದ ಹೈಬ್ರಿಡೋಮಾ ವಿಧಾನವೇ (ಪ್ರತಿಕಾಯ ತಯಾರಿಸುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆಯುವುದು) ಇದಕ್ಕೆ ಆಧಾರ.

ಒಟ್ಟು ಐಜಿಇ ಹೊಟ್ಟೆಹುಳುಗಳಿದ್ದರೂ ಏರುತ್ತದೆ. ಆದ್ದರಿಂದ ಓವಾಲ್ಬುಮಿನ್‌ಗೇ ಅಂಟಿಕೊಳ್ಳುವ ಐಜಿಇ ಎಷ್ಟಿದೆ ಎಂಬುದನ್ನು ಪ್ರತ್ಯೇಕವಾಗಿ ಅಳೆಯಬೇಕು. ಹೊಸಬರು ಎಡವುವುದು ಇಲ್ಲಿಯೇ. ಎಲೈಸಾ (ಬಣ್ಣದ ಮೂಲಕ ಪ್ರತಿಕಾಯ ಅಳೆಯುವ ಪರೀಕ್ಷೆ) ಪ್ಲೇಟಿನ ತಳಕ್ಕೆ ಓವಾಲ್ಬುಮಿನ್ ಲೇಪಿಸಿ ಇಲಿಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದರೆ, ಅದೇ ಸೀರಮ್‌ನಲ್ಲಿ ಐಜಿಇಗಿಂತ ಹಲವು ಪಟ್ಟು ಹೆಚ್ಚಿರುವ ಐಜಿಜಿ1 ಎಂಬ ಇನ್ನೊಂದು ಬಗೆಯ ಪ್ರತಿಕಾಯ ಮೊದಲು ನುಗ್ಗಿ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಫಲವಾಗಿ ಚೆನ್ನಾಗಿ ಸಂವೇದಿತವಾದ, ಅಂದರೆ ಓವಾಲ್ಬುಮಿನ್ ವಿರುದ್ಧ ಐಜಿಇ ಬೆಳೆಸಿಕೊಂಡ ಇಲಿಯೂ ಐಜಿಇ ಕಡಿಮೆಯಿರುವಂತೆ ತೋರಬಹುದು. ಕ್ರಮವನ್ನು ತಿರುಗಿಸುವುದೇ ಲೇಸು. 96 ಕುಳಿಗಳ ಪ್ಲೇಟಿಗೆ ಐಜಿಇ ವಿರೋಧಿ ಪ್ರತಿಕಾಯವನ್ನು ಲೇಪಿಸಿ, ಸೀರಮ್ ಹಾಕಿ ತೊಳೆದರೆ ಐಜಿಜಿ ಹರಿದುಹೋಗಿ ಐಜಿಇ ಮಾತ್ರ ಉಳಿಯುತ್ತದೆ. ಆಮೇಲೆ ಬಯೋಟಿನ್ ಜೋಡಿಸಿದ ಓವಾಲ್ಬುಮಿನ್, ಅದರ ಮೇಲೆ ಬಯೋಟಿನ್‌ಗೆ ಅಂಟುವ ಸ್ಟ್ರೆಪ್ಟಾವಿಡಿನ್-ಪೆರಾಕ್ಸಿಡೇಸ್, ಕೊನೆಗೆ ಆ ಕಿಣ್ವದಿಂದ ಬಣ್ಣ ತಳೆಯುವ ಟಿಎಂಬಿ ದ್ರಾವಣ. ನೀಲಿಯಾದ ಕುಳಿ ಆಮ್ಲ ಬಿದ್ದೊಡನೆ ಹಳದಿಗೆ ತಿರುಗುತ್ತದೆ. ಅದನ್ನು 450 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದುತ್ತಾರೆ. ಓವಾಲ್ಬುಮಿನ್ ಕೊಡದೆ ಅಲಮ್ (ಪ್ರತಿರಕ್ಷಣೆಯನ್ನು ಪ್ರಚೋದಿಸಲು ಬೆರೆಸುವ ಅಲ್ಯೂಮಿನಿಯಂ ಲವಣ) ಮಾತ್ರ ಚುಚ್ಚಿದ ಇಲಿಗಳ ಸೀರಮ್ ಅದೇ ಪ್ಲೇಟಿನಲ್ಲಿಲ್ಲದಿದ್ದರೆ ಆ ಅಂಕಿಗಳನ್ನು ನಾನಂತೂ ನಂಬುವುದಿಲ್ಲ.

ಇಷ್ಟಾದರೂ ತಿಳಿಯುವುದು ಐಜಿಇಯ ಪ್ರಮಾಣ ಮಾತ್ರ. ಅದು ಅಲರ್ಜಿಯ ರಾಸಾಯನಿಕಗಳನ್ನು ಹೊರಸೂಸುವ ಮಾಸ್ಟ್ ಕೋಶಗಳನ್ನು ಕೆರಳಿಸಬಲ್ಲುದೇ ಎಂಬುದು ಬೇರೆ ಪ್ರಶ್ನೆ. ಹಿಂದಿನಿಂದ ಬಂದ ವಿಧಾನದಲ್ಲಿ ಇಲಿಯ ಸೀರಮನ್ನು ರ‍್ಯಾಟ್‌ನ ಚರ್ಮದೊಳಗೆ ಚುಚ್ಚಿ, ಒಂದೆರಡು ದಿನ ಬಿಟ್ಟು ಓವಾಲ್ಬುಮಿನ್ ಜೊತೆಗೆ ಇವಾನ್ಸ್ ಬ್ಲೂ ಬಣ್ಣವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಐಜಿಇ ಕ್ರಿಯಾಶೀಲವಾಗಿದ್ದರೆ ಸೂಜಿ ಚುಚ್ಚಿದ ಕಡೆ ನೀಲಿ ಮಚ್ಚೆ ಮೂಡುತ್ತದೆ. ಸೀರಮನ್ನು ಮೊದಲೇ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕಷ್ಟು ಹೊತ್ತು ಕಾಯಿಸಿದ್ದರೆ ಮೂಡುವುದಿಲ್ಲ, ಏಕೆಂದರೆ ಮಾಸ್ಟ್ ಕೋಶಕ್ಕೆ ಅಂಟುವ ಶಕ್ತಿಯನ್ನು ಐಜಿಇ ಆ ಶಾಖದಲ್ಲಿ ಕಳೆದುಕೊಳ್ಳುತ್ತದೆ. ಇಲಿಗಳಲ್ಲಿ ಐಜಿಜಿ1 ಕೂಡ ಅನಾಫಿಲಾಕ್ಸಿಸ್ (ತೀವ್ರ ಅಲರ್ಜಿ ಆಘಾತ) ಉಂಟುಮಾಡಬಲ್ಲುದಾದ್ದರಿಂದ, ಐಜಿಇ ಕಾಣದಿದ್ದ ಮಾತ್ರಕ್ಕೆ ಅಲರ್ಜಿಯಿಲ್ಲ ಎನ್ನಲೂ ಬರುವುದಿಲ್ಲ.

ಜೀವಂತ ಪ್ರಾಣಿಯ ಬದಲು ಆರ್‌ಬಿಎಲ್-2ಎಚ್3 ಎಂಬ, ಮಾಸ್ಟ್ ಕೋಶದಂತೆ ವರ್ತಿಸುವ ರ‍್ಯಾಟ್ ಕೋಶಗಳನ್ನು ಬಳಸುವ ಮಾರ್ಗವೂ ಇದೆ. ಇಲಿಯ ಐಜಿಇ ಅವುಗಳಿಗೆ ಅಂಟುವುದರಿಂದ, ಓವಾಲ್ಬುಮಿನ್ ಸೇರಿಸಿದಾಗ ಹೊರಬರುವ ಬೀಟಾ-ಹೆಕ್ಸೊಸಮಿನಿಡೇಸ್ ಕಿಣ್ವವನ್ನು ಅಳೆದರೆ ನಿಮ್ಮ ಪ್ರಯೋಗಕ್ಕೆ ಬೇಕಾದ ಉತ್ತರ ಬಹುಮಟ್ಟಿಗೆ ಸಿಗುತ್ತದೆ.