ಕೀಲಿಮಣೆ ಕಟ್ಟೆ: ಮಗನ ಕಂಪ್ಯೂಟರ್‌ನಲ್ಲಿ ನನ್ನ ಕನ್ನಡ ಎಲ್ಲಿ ಹೋಯಿತು?

ನೂರು ಶಾರ್ಟ್‌ಕಟ್‌ಗಳ ಪಟ್ಟಿ ಒಂದೇ ಪುಟದಲ್ಲಿ ಹಾಕಿ ಸರ್. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.
– ಗುಮಾಸ್ತರು, ದಾವಣಗೆರೆ

ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮೇಜಿನ ಎದುರೂ ಅಂಥದ್ದೊಂದು ಪಟ್ಟಿ ಬಣ್ಣ ಮಾಸುವ ತನಕ ಇತ್ತು. ಅದನ್ನು ನೋಡಿ ಕಲಿತದ್ದು ಒಂದೂ ಇಲ್ಲ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಯಾವುದೋ ಅದಕ್ಕೊಂದು ಕಲಿಯಿರಿ, ಸದ್ಯಕ್ಕೆ ಸಾಕು. ನಿಮಗೆ ಕಾಪಿ-ಪೇಸ್ಟ್ ಜಾಸ್ತಿ ಇರುತ್ತದೆ, ಅಲ್ವಾ? ವಿಂಡೋಸ್ ಕೀ ಹಿಡಿದುಕೊಂಡು ವಿ ಒತ್ತಿ. ಮೊದಲ ಸಲ ಆನ್ ಮಾಡಲೇ ಅಂತ ಕೇಳುತ್ತದೆ, ಮಾಡಿ. ಆಮೇಲೆ ನೀವು ಕಾಪಿ ಮಾಡಿದ್ದೆಲ್ಲ, 25 ತುಣುಕುಗಳವರೆಗೆ, ಅಲ್ಲಿ ಸಾಲಾಗಿ ಕೂತಿರುತ್ತದೆ. ಹೆಸರು, ವಿಳಾಸ, ಸರ್ವೆ ನಂಬರ್ ಅಂತ ಒಂದೊಂದಕ್ಕೂ ಆ ಫೈಲಿಗೂ ಈ ಫೈಲಿಗೂ ಓಡಾಡಬೇಕಿಲ್ಲ, ಮೂರನ್ನೂ ಒಂದಾದ ಮೇಲೊಂದು ಕಾಪಿ ಮಾಡಿಕೊಂಡು ಬಂದು ಬೇಕಾದ ಕಡೆ ಬೇಕಾದ್ದನ್ನು ಹಾಕಿ. ರೀಸ್ಟಾರ್ಟ್ ಮಾಡಿದರೆ ಪಟ್ಟಿ ಖಾಲಿಯಾಗುತ್ತದೆ. ಕಚೇರಿ ವಿಳಾಸದಂಥದ್ದನ್ನು ಪಿನ್ ಮಾಡಿಟ್ಟರೆ ಉಳಿಯುತ್ತದೆ. ಇದು ವಿಂಡೋಸ್ 10ಕ್ಕೆ ಬಂದದ್ದು 2018ರಲ್ಲಿ, ಆದರೂ ಎಷ್ಟೋ ಜನ ಒಮ್ಮೆಯೂ ಒತ್ತಿ ನೋಡಿಲ್ಲ.

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ನಮ್ಮ ಮನೆತನದ ಇತಿಹಾಸ ಅರವತ್ತು ಪುಟ ಟೈಪ್ ಮಾಡಿದ್ದೇನೆ. ಪುಣೆಯಲ್ಲಿರುವ ಮಗನಿಗೆ ಕಳಿಸಿದರೆ ಬರೀ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ ಕಾಣುತ್ತಿದೆಯಂತೆ. ಕಷ್ಟಪಟ್ಟಿದ್ದೆಲ್ಲ ಹೋಯಿತೇ?
– ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಏನೂ ಹೋಗಿಲ್ಲ ಮೇಷ್ಟ್ರೇ. ನೀವು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ನಿಲ್ಲಿಸಿರುತ್ತದೆ. ಮಗನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿತು, ಅಷ್ಟೇ. ಯೂನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಹಾಗಾಗಿ ಪುಣೆಯಲ್ಲೂ ಅದು ಕನ್ನಡವೇ, ಮೊಬೈಲ್‌ನಲ್ಲೂ ಕನ್ನಡವೇ.

ನಿಮ್ಮ ಯಾವ ಫೈಲು ಯಾವುದು ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಒಂದು ಸಾಲು ಆಯ್ಕೆ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಗಜಿಬಿಜಿಯಾದರೆ ಹಳೆಯದು. ನೋಡಿಯಾದ ಮೇಲೆ ಕಂಟ್ರೋಲ್ + ಝಡ್ ಒತ್ತಿ, ಮೊದಲಿನಂತೆ ಆಗುತ್ತದೆ.

ಮಗ ಸುಮ್ನೆ ಓದಿದರೆ ಸಾಕು ಅನ್ನುವುದಾದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿ ಕಳಿಸಿ, ಫಾಂಟು ಅದರೊಳಗೇ ಸೇರಿಕೊಂಡು ಹೋಗುತ್ತದೆ. ಅವನು ತಿದ್ದಬೇಕು, ಸೇರಿಸಬೇಕು ಅಂದರೆ ಆಸ್ಕಿಯಿಂದ (ಈ ಹಳೆಯ ವೇಷದ ಬಗೆಗೆ ಹಾಗೆನ್ನುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಆದರೆ ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಲು ಹೋಗಿ ಕೆಟ್ಟಿರಬಹುದು. ಹಳೆಯ ಫೈಲನ್ನು ಅಳಿಸಬೇಡಿ, ಮುಂದೆ ಪುಸ್ತಕ ಮಾಡಿಸುವ ಮನಸ್ಸಾಗಿ ಪ್ರೆಸ್‌ನವರು ಪುಟ ಜೋಡಿಸಲು ಇನ್ನೂ ಹಳೆಯ ಪೇಜ್‌ಮೇಕರ್ ತಂತ್ರಾಂಶದಲ್ಲೇ ಇದ್ದರೆ ಅದನ್ನೇ ಕೇಳುತ್ತಾರೆ.

ಇನ್ನು ಮುಂದೆ ಟೈಪ್ ಮಾಡುವುದನ್ನು ಯೂನಿಕೋಡ್‌ನಲ್ಲೇ ಮಾಡಿ. ಈಗಿನ ನುಡಿಯಲ್ಲಿ ಅದಕ್ಕೆ ಅವಕಾಶವಿದೆ, ಕೈಗೆ ಕೂತಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಿಡಬೇಕಿಲ್ಲ, ಅದೇ ಎಫ್ ಒತ್ತಿ ಒತ್ತಕ್ಷರ ಕೊಡಬಹುದು. ಮನೆಯಲ್ಲಿ ಹೊಸಬರು ಕಲಿಯುವುದಾದರೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಕನ್ನಡ ಸೇರಿಸಿ, ಕನ್ನಡ ಫೊನೆಟಿಕ್ ಕೀಬೋರ್ಡ್ ಆರಿಸಿಕೊಳ್ಳಲಿ. ಇಂಗ್ಲಿಷ್‌ಗೂ ಕನ್ನಡಕ್ಕೂ ಬದಲಾಯಿಸಲು ವಿಂಡೋಸ್ ಕೀ + ಸ್ಪೇಸ್‌ಬಾರ್.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬುತ್ತೇನೆ. ಬ್ರೌಸರ್‌ನ ಇನ್‌ಕಾಗ್ನಿಟೊ (ಗುಪ್ತ) ಕಿಟಕಿಯಲ್ಲಿ ತೆರೆದರೆ ಯಾವ ಗುರುತೂ ಉಳಿಯುವುದಿಲ್ಲ ಅಂತ ಗೆಳತಿ ಹೇಳಿದಳು. ನಿಜವೇ?
– ಪದವಿ ವಿದ್ಯಾರ್ಥಿನಿ, ಕಲಬುರಗಿ

ಅರ್ಧ ನಿಜ. ಕ್ರೋಮ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎನ್ ಒತ್ತಿ ತೆರೆಯುವ ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದರೆ ನೀವು ನೋಡಿದ ಪುಟಗಳ ಚರಿತ್ರೆ, ಲಾಗಿನ್ ಎರಡೂ ಆ ಬ್ರೌಸರ್‌ನಿಂದ ಹೋಗುತ್ತವೆ. ಇಳಿಸಿಕೊಂಡ ಅಂಕಪಟ್ಟಿ ಮಾತ್ರ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಯಾಗಿ ಇರುತ್ತದೆ. ಪ್ರಿಂಟ್ ಆದ ಮೇಲೆ ಅದನ್ನು ಆರಿಸಿ ಶಿಫ್ಟ್ + ಡಿಲೀಟ್ ಮಾಡಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ.

ದಾವಣಗೆರೆಯವರಿಗೆ ಮೇಲೆ ಹೇಳಿದೆನಲ್ಲ, ಆ ವಿಂಡೋಸ್ + ವಿ ಇಲ್ಲಿ ತಿರುಗಿ ಬೀಳುತ್ತದೆ. ನೀವು ಕಾಪಿ ಮಾಡಿದ ಆಧಾರ್ ನಂಬರ್ ನಿಮ್ಮ ನಂತರ ಕೂತವರಿಗೆ ಕಾಣಬಹುದು. ಏಳುವ ಮೊದಲು ಅದನ್ನು ತೆರೆದು ‘ಕ್ಲಿಯರ್ ಆಲ್’ ಕೊಡಿ. ಪಿನ್ ಮಾಡಿದ್ದು ಅದರಿಂದ ಹೋಗುವುದಿಲ್ಲ, ಬೇರೆಯಾಗಿ ತೆಗೆಯಬೇಕು. ಪೆನ್‌ಡ್ರೈವ್ ಮರೆತು ಬರಬೇಡಿ, ನಾನು ಎರಡು ಕಳೆದುಕೊಂಡಿದ್ದೇನೆ.

ಮೊಮ್ಮಗ ಏನೋ ಒತ್ತಿದ. ಪರದೆ ಮೇಲೆ ಅಕ್ಷರ ಕುಂಬಳಕಾಯಿ ಗಾತ್ರ ಆಗಿದೆ.
– ಗೃಹಿಣಿ, ಶಿರಸಿ

ಬ್ರೌಸರ್‌ನಲ್ಲಿ ಮಾತ್ರ ಹಾಗಿದ್ದರೆ ಕಂಟ್ರೋಲ್ + ಸೊನ್ನೆ. ಇಡೀ ಪರದೆಯೇ ದೊಡ್ಡದಾಗಿ, ಮೌಸ್ ಹೋದ ಕಡೆ ಜಾರುತ್ತಿದ್ದರೆ ಅದು ಮ್ಯಾಗ್ನಿಫೈಯರ್, ವಿಂಡೋಸ್ ಕೀ + ಎಸ್ಕೇಪ್ ಒತ್ತಿ. ಅಂದ ಹಾಗೆ, ಕನ್ನಡಕ ಹುಡುಕುವ ಬೇಸರವಿದ್ದಾಗ ಕಂಟ್ರೋಲ್ + ಪ್ಲಸ್ ಒತ್ತಿ ನೀವೂ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಪರದೆಯ ಮೇಲೆ ಬರುವ ಎರರ್ ಸಂದೇಶವನ್ನು ನಿಮಗೆ ಕಳಿಸುವುದು ಹೇಗೆ? ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಬರೀ ಗೆರೆಗೆರೆ.
– ಅಂಗಡಿ ಮಾಲೀಕರು, ಚಿಕ್ಕಮಗಳೂರು

ವಿಂಡೋಸ್ ಕೀ + ಶಿಫ್ಟ್ + ಎಸ್. ಪರದೆ ಮಬ್ಬಾಗುತ್ತದೆ. ಬೇಕಾದ ಭಾಗದ ಮೇಲೆ ಮೌಸ್ ಎಳೆದು ಬಿಡಿ, ಆಮೇಲೆ ಮೇಲ್‌ನಲ್ಲೋ ವಾಟ್ಸ್ಆ್ಯಪ್ ವೆಬ್‌ನಲ್ಲೋ ಕಂಟ್ರೋಲ್ + ವಿ. ಪಕ್ಕದಲ್ಲಿ ನಿಮ್ಮ ಗಿರಾಕಿಗಳ ಸಾಲದ ಲೆಕ್ಕ ತೆರೆದಿದ್ದರೆ ಅದು ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ. ಕಳೆದ ಸಲ ಬಂದಿತ್ತು.