ಬಲೂನ್ ಹಾಕಿಸಿದರೂ ಫಿಸ್ಟುಲಾ ಸರಿಯಾಗಲಿಲ್ಲ, ಈಗೇನು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯವರಿಗೆ 61 ವರ್ಷ, ಶುಗರ್ ತುಂಬಾ ಹಳೆಯದು. ಕಾಸರಗೋಡಿನಲ್ಲಿ ವಾರಕ್ಕೆ 3 ಸಲ ಡಯಾಲಿಸಿಸ್. ಎಡಗೈ ಮೊಣಕೈ ಹತ್ತಿರ ಫಿಸ್ಟುಲಾ ಇದೆ (ಡಯಾಲಿಸಿಸ್‌ಗೆಂದು, ರಕ್ತ ತರುವ ಆರ್ಟರಿಗೆ ರಕ್ತ ವಾಪಸ್ ಒಯ್ಯುವ ವೇನ್ ಜೋಡಿಸಿದ್ದು). ಈಚೆಗೆ ರಕ್ತ ಸರಿಯಾಗಿ ಬರದೆ ಮಿಷನ್ ಅಲಾರಂ ಹೊಡೆಯುತ್ತಲೇ ಇರುತ್ತದೆ. ಮಂಗಳೂರಿಗೆ ಹೋಗಿ ವೇನ್ ಅಗಲ ಮಾಡಲು ಬಲೂನ್ ಹಾಕಿಸಿದೆವು, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಮಿಷನ್‌ನಲ್ಲಿ ಕೂತಾಗ ಬೆರಳು ತಣ್ಣಗಾಗಿ ನೋಯುತ್ತದಂತೆ. ಬೇರೆ ಫಿಸ್ಟುಲಾ ಮಾಡಿಸಬೇಕಾ?
- ಓದುಗರು, ಬದಿಯಡ್ಕ

ಉತ್ತರ: ಅವಸರ ಬೇಡಮ್ಮಾ. ಫಿಸ್ಟುಲಾ ಕೆಟ್ಟರೆ ಎಲ್ಲರೂ ಮೊದಲು ನೋಡುವುದು ವೇನ್ ಅನ್ನೇ, ಯಾಕೆಂದರೆ ಹೆಚ್ಚಿನವರಿಗೆ ಅಲ್ಲೇ ಕಿರಿದಾಗಿರುತ್ತದೆ. ಆದರೆ ಹಾಗಿದ್ದರೆ ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲುವುದಿಲ್ಲ, ಕೈ ಊದಬಹುದು, ಫಿಸ್ಟುಲಾ ಗಟ್ಟಿಯಾಗಿ ಬಡಿಯುತ್ತದೆ. ನಿಮ್ಮವರದು ಮುಟ್ಟಿದರೆ ಮೆತ್ತಗೆ, ಚಪ್ಪಟೆಯಾಗಿ, ಝುಂ ಅನ್ನುವುದೂ ಸಣ್ಣಗೆ ಇದೆಯಾ ನೋಡಿ. ಹಾಗಿದ್ದರೆ ರಕ್ತ ತರುವ ಆರ್ಟರಿಯ ಮೇಲೇ ನನಗೆ ಅನುಮಾನ. ಹಳೆಯ ಶುಗರ್‌ನವರಿಗೆ ಆರ್ಟರಿಯ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ, ಕಿಡ್ನಿ ಹೋದವರಿಗೆ ಇನ್ನೂ ಜಾಸ್ತಿ, ಕೆಲವರಲ್ಲಿ ಎಕ್ಸ್‌ರೇಯಲ್ಲೇ ನಾಳ ಬೆಳ್ಳಗೆ ಗೆರೆ ಎಳೆದ ಹಾಗೆ ಕಾಣುತ್ತದೆ. ಮಿಷನ್ ನಿಮಿಷಕ್ಕೆ ಸುಮಾರು 300 ಮಿಲಿ ಎಳೆಯುತ್ತದೆ, ಫಿಸ್ಟುಲಾದಲ್ಲಿ ಅದಕ್ಕಿಂತ ಜಾಸ್ತಿ ಹರಿಯಬೇಕು. ಗುಡ್ಡದಿಂದ ನೀರು ತರುವ ಸುರಂಗದಲ್ಲೇ ನೀರು ಕಡಿಮೆಯಾದರೆ ತೋಟದ ಪೈಪು ಎಷ್ಟು ತೊಳೆದರೇನು, ಅಲ್ವಾ?

ಇನ್ನು ಬೆರಳಿನ ವಿಷಯ. ಕೈಗೆ ಹೋಗಬೇಕಾದ ರಕ್ತವನ್ನು ಫಿಸ್ಟುಲಾ ಎಳೆದುಕೊಳ್ಳುವುದಕ್ಕೆ 'ಸ್ಟೀಲ್' (ಅಂದರೆ ಕದಿಯುವುದು) ಅನ್ನುತ್ತಾರೆ. ಡಯಾಲಿಸಿಸ್‌ನಲ್ಲಿ ಬಿಪಿ ಇಳಿದಾಗ ಅದು ಜೋರಾಗುತ್ತದೆ. ಡಾಕ್ಟರು ಫಿಸ್ಟುಲಾವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಬೆರಳು ಬೆಚ್ಚಗಾದರೆ ಇದೇ ಅಂತ ಹೆಚ್ಚುಕಡಿಮೆ ಖಚಿತ. ನೀವು ಮನೆಯಲ್ಲಿ ಒತ್ತಿ ನೋಡಬೇಡಿ. ಹರಿವು ವಿಪರೀತ ಇದ್ದವರಿಗೆ ಫಿಸ್ಟುಲಾವನ್ನು ಕಟ್ಟಿ ಸಣ್ಣದು ಮಾಡುತ್ತಾರೆ. ಹರಿವೇ ಕಡಿಮೆ ಇರುವ ಕೈಗೆ ಅದನ್ನು ಮಾಡಿದರೆ ಫಿಸ್ಟುಲಾ ಮುಚ್ಚಿಯೇ ಹೋಗಬಹುದು. ಹಾಗಾಗಿ ಮೊದಲು ಹರಿವು ಅಳೆಯಲೇಬೇಕು.

ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸುವಾಗ ಭುಜದಿಂದ ಮಣಿಕಟ್ಟಿನವರೆಗೆ ಆರ್ಟರಿಯನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ, ಸುಮ್ನೆ ಫಿಸ್ಟುಲಾ ಮಾತ್ರ ನೋಡಿ ಕಳಿಸಿಬಿಡುತ್ತಾರೆ. ಅದರಲ್ಲಿ ಗೊತ್ತಾಗದಿದ್ದರೆ ಎದೆಯಿಂದಲೇ ಶುರುಮಾಡಿ ಆಂಜಿಯೋಗ್ರಾಂ, ಅಂದರೆ ನಾಳಕ್ಕೆ ಡೈ ಬಿಟ್ಟು ತೆಗೆಯುವ ಎಕ್ಸ್‌ರೇ, ಮಾಡಿಸಬೇಕು. ಕಾಲರ್ ಮೂಳೆಯ ಕೆಳಗೂ ಆರ್ಟರಿ ಕಿರಿದಾಗಿರಬಹುದು. ಎಷ್ಟೋ ಸಲ ಆರ್ಟರಿಗೇ ಬಲೂನ್ ಹಾಕಿ ಇದೇ ಫಿಸ್ಟುಲಾ ಉಳಿಸಬಹುದು. ಬಲಗೈಯಲ್ಲಿ ಸದ್ಯಕ್ಕೆ ಡ್ರಿಪ್ ಹಾಕಿಸಬೇಡಿ, ಮುಂದೆ ಬೇರೆ ಫಿಸ್ಟುಲಾಗೆ ಆ ಕೈ ಬೇಕಾದೀತು.

ಝುಂ ನಿಂತರೆ, ಬೆರಳ ತುದಿ ಕಪ್ಪಾದರೆ, ಹುಣ್ಣಾದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.